‘ಲೇಔಟ್’ ಬರೆಯುವ ಯಂತ್ರ: ಕನ್ನಡ ಕೀಲಿಮಣೆಯಲ್ಲಿ ‘ಸ್ಥಿತಿ’ಯ ಚರಿತ್ರೆ

ಬಿಟಿಎಂ ಲೇಔಟ್ ಎಂಬ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಅವು ಮೊದಲಕ್ಷರಗಳಾಗಿ ಕುಗ್ಗಿ, ಪಕ್ಕದಲ್ಲಿ ‘ಲೇಔಟ್’ ಸೇರಿದಾಗ, ಒಂದೇ ಹೆಸರಿನಲ್ಲಿ ಎರಡು ಬಾರಿ ಸ್ವರದ ಬೆನ್ನಿಗೆ ಸ್ವರ ಬಂದಿತು: ‘ಟಿ’ಯ ಮುಂದೆ ‘ಎ’, ‘ಲೇ’ಯ ಮುಂದೆ ‘ಔ’. ಇಂಥ ಸಂದರ್ಭದಲ್ಲಿ ಲೋಪವೋ ಯಕಾರ ವಕಾರಗಳ ಆಗಮವೋ ಆಗುವುದನ್ನು ಕೇಶಿರಾಜನ ‘ಶಬ್ದಮಣಿದರ್ಪಣ’ ಹದಿಮೂರನೆಯ ಶತಮಾನದಲ್ಲಿಯೇ ವಿವರಿಸಿದೆ. ದಕ್ಷಿಣ ಬೆಂಗಳೂರಿನ ಫಲಕಗಳು ಆ ಸೂತ್ರಕ್ಕೆ ಕಾಯಲಿಲ್ಲ.

ಈ ಸಂಗತಿಯನ್ನು ನಾವು ಕೀಲಿಮಣೆಯ ಚರಿತ್ರೆಯೊಳಗಿಟ್ಟು ನೋಡಬಯಸುತ್ತೇವೆ. ಒತ್ತಿದ ಕೀಲಿಯ ಫಲ ಹಿಂದಿನ ‘ಸ್ಥಿತಿ’ಯನ್ನೂ ಅವಲಂಬಿಸುವ ವ್ಯವಸ್ಥೆಯೇ ಸ್ಥಿತಿಯಂತ್ರ, ಮೀಲಿ 1955ರಲ್ಲಿ, ಮೂರ್ 1956ರಲ್ಲಿ ಅದನ್ನು ಗಣಿತದ ನೆಲೆಯಲ್ಲಿ ನಿರೂಪಿಸಿದರು. ಇನ್‌ಸ್ಕ್ರಿಪ್ಟ್ ಕೀಲಿಮಣೆಗೆ ಇದರ ಹಂಗು ಕಡಿಮೆ: ಪೂರ್ಣಸ್ವರಕ್ಕೆ ಶಿಫ್ಟ್ ಒತ್ತಬೇಕು, ಸ್ವರಚಿಹ್ನೆಗೆ ಬೇಡ, ಆಯ್ಕೆ ಬರೆಯುವವರದು. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಿಂದ ಮನೆಮಾತಾದ ವಿನ್ಯಾಸದಲ್ಲಿ ಆ ಆಯ್ಕೆ ಯಂತ್ರಕ್ಕೆ ಸೇರಿತು. ಒಂದೇ ‘ಎ’ ಕೀಲಿ ಪದಾದಿಯಲ್ಲಿ ‘ಎ’, ವ್ಯಂಜನದ ನಂತರ ಎತ್ವ.

ದೇಸಿ ಪದಗಳಷ್ಟೇ ಇದ್ದರೆ ಪದಾದಿ, ಪದಮಧ್ಯ ಎಂಬ ಎರಡು ಸ್ಥಿತಿಗಳು ಬಹುಮಟ್ಟಿಗೆ ಸಾಕು. ‘ಲೇಔಟ್’ಗೆ ‘ಸ್ವರಚಿಹ್ನೆಯ ನಂತರ’ ಎಂಬ ಮೂರನೆಯದು ಬೇಕು; ಇಲ್ಲವಾದರೆ ‘ಲೇ’ಯ ಮೇಲೆ ಔತ್ವ ಹೇರಿದ ಅಸಂಬದ್ಧ ರೂಪ ಮೂಡುತ್ತದೆ. ಹಲಂತದ ತೊಡಕು ಇನ್ನೂ ಆಳವಾದುದು. ಹಳಗನ್ನಡದ ‘ಕಣ್’, ‘ಪಾಲ್’ಗಳು ‘ಕಣ್ಣು’, ‘ಹಾಲು’ ಆದ ಮೇಲೆ ಪದದ ನಡುವಣ ಹಲಂತವೆಂದರೆ ಸಾಮಾನ್ಯವಾಗಿ ಒತ್ತಕ್ಷರದ ಮುನ್ಸೂಚನೆ. ‘ಜಯನಗರ 4ನೇ ಬ್ಲಾಕ್‌ನಲ್ಲಿ’ ಎಂದು ಬರೆಯುವಾಗ ಅದು ಪ್ರಕೃತಿ ಪ್ರತ್ಯಯಗಳ ಗಡಿ. ಹೊರಗೆ ಒಂದೇ ಚಿಹ್ನೆ, ಒಳಗೆ ಕೂಡುವ ಹಲಂತ, ನಿಲ್ಲುವ ಹಲಂತ ಎಂಬ ಎರಡು ಸ್ಥಿತಿಗಳು. ಯೂನಿಕೋಡ್‌ನಲ್ಲಿ ಈ ಭೇದವನ್ನು ಹೊರುವುದು ಕಣ್ಣಿಗೆ ಕಾಣದ ಒಂದು ಸಂಕೇತ, ಝಡ್‌ಡಬ್ಲ್ಯೂಎನ್‌ಜೆ.

ಸ್ಥಿತಿಗಳು ಹೀಗೆ ಹೆಚ್ಚಿದಂತೆ ಚಪ್ಪಟೆ ಯಂತ್ರ ಗೋಜಲಾಗುತ್ತದೆ: ಇಂಗ್ಲಿಷಿಗೆ ಹೊರಳುವ ನಿಯಮವನ್ನು ಪ್ರತಿ ಸ್ಥಿತಿಗೂ ಬೇರೆಬೇರೆಯಾಗಿ ಬರೆಯಬೇಕು. ಇಸ್ರೇಲಿನ ಲಾವಿ ಯುದ್ಧವಿಮಾನ ಯೋಜನೆಯಲ್ಲಿ ಸಲಹೆಗಾರರಾಗಿದ್ದ ಡೇವಿಡ್ ಹರೆಲ್ ಇಂಥದೇ ಗೋಜಲಿನಿಂದ ಸ್ಟೇಟ್‌ಚಾರ್ಟ್ ಕಲ್ಪನೆಗೆ ಬಂದು, 1987ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿ ಸ್ಥಿತಿಯೊಳಗೆ ಉಪಸ್ಥಿತಿ; ಮೇಲಿನದಕ್ಕೆ ಒಮ್ಮೆ ಬರೆದ ನಿಯಮ ಒಳಗಿನವಕ್ಕೆಲ್ಲ ಅನ್ವಯ. ಉತ್ಸರ್ಗ ಅಪವಾದಗಳನ್ನು ಓದಿದ ವೈಯಾಕರಣರಿಗೆ ಇದು ಹೊಸತೆನಿಸದು. ಎಸ್‌ಸಿಎಕ್ಸ್‌ಎಂಎಲ್ ರೂಪದಲ್ಲಿ ಈ ಕಲ್ಪನೆ 2015ರಲ್ಲಿ ಡಬ್ಲ್ಯೂ3ಸಿ ಶಿಫಾರಸಾಯಿತು. ಎಕ್ಸ್‌ಸ್ಟೇಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಅದನ್ನು ಜಾಲಪುಟಕ್ಕೆ ತಂದವು.

ಆದರೆ ಜಾಲಪುಟದಲ್ಲಿ ಬರೆಯುವವರು ಕರ್ಸರನ್ನು ಥಟ್ಟನೆ ಪದದ ನಡುವೆ ಇಡಬಲ್ಲರು. ಯಂತ್ರದ ನೆನಪು ಆ ಕ್ಷಣವೇ ಸುಳ್ಳಾಗುತ್ತದೆ. ವಿಕಿಮೀಡಿಯದ ಪುಟ್ಟ ಲೈಬ್ರರಿ ಜೆಕ್ವೆರಿ.ಐಎಂಇ ಕರ್ಸರಿನ ಹಿಂದಿನ ಅಕ್ಷರಗಳನ್ನು ಓದಿಯೇ ಫಲ ನಿರ್ಣಯಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಇವೆರಡೂ ಕೂಡಬೇಕು: ‘ಕನ್ನಡ ಬರವಣಿಗೆ’ ಎಂಬ ಮೇಲುಸ್ಥಿತಿಯಲ್ಲಿ ಕರ್ಸರ್ ಚಲನೆಗೆ ಒಂದೇ ನಿಯಮ—ಹಿಂದಿನದನ್ನು ಓದಿ ಉಪಸ್ಥಿತಿಯನ್ನು ಮತ್ತೆ ಗೊತ್ತುಮಾಡು.

ಹಾಗೆ ಓದಲು ಕಾಣದ ಸಂಕೇತ ಉಳಿದಿರಬೇಕಷ್ಟೆ. ಈಚೆಗೆ ನಾವು ತುಂಬಿದ ಒಂದು ಅರ್ಜಿ ನಮೂನೆ ಅದನ್ನು ಕಸವೆಂದು ಅಳಿಸಿ, ವಿಳಾಸವನ್ನು ‘ಬ್ಲಾಕ್ನಲ್ಲಿ’ ಎಂದು ಮುದ್ರಿಸಿತು. ಎರಡನೆಯ ಸಲ ‘ಬ್ಲಾಕಿನಲ್ಲಿ’ ಎಂದು ಬರೆದೆವು.