ಖುಲಾಸೆಯಾದ ಮೇಲೆ

ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚಿನಲ್ಲೂ ಕುಳಿತು ಬಂದ ನಮ್ಮಂಥವರನ್ನು ‘ಖುಲಾಸೆ’ ಎಂಬ ಶಬ್ದ ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಕನ್ನಡದ ಕೋರ್ಟು ಕಚೇರಿಗಳಲ್ಲಿ ಅದಕ್ಕೆ ಆರೋಪದಿಂದ ಬಿಡುಗಡೆ ಎಂಬ ಅರ್ಥ. ಉರ್ದುವಿನಲ್ಲಿ ‘ಖುಲಾಸಾ’ ಎಂದರೆ ಸಾರಾಂಶ. ಬಿಡುಗಡೆಗೆ ಉರ್ದು ಪತ್ರಿಕೆಗಳು ಬಳಸುವ ಮಾತು ‘ಬಾಇಜ್ಜತ್ ಬರೀ’, ಅಂದರೆ ಮಾನಸಮೇತ ಬಿಡುಗಡೆ. ಆದರೆ ಜೈಲಿನ ಬಾಗಿಲು ತೆರೆದಾಗ ಮನುಷ್ಯನ ಜೊತೆಗೆ ಅವನ ಇಜ್ಜತ್ತೂ ಹೊರಬರುತ್ತದೆಯೇ? ಕುಶಾಲನಗರದ ಒಂದು ಪ್ರಕರಣ ಈ ಪ್ರಶ್ನೆಯನ್ನು ನಮ್ಮ ಮನೆ ಬಾಗಿಲಿಗೇ ತಂದಿಟ್ಟಿದೆ.

ಕುಶಾಲನಗರ ಸಮೀಪದ ಆದಿವಾಸಿ ಕೂಲಿಕಾರರೊಬ್ಬರ ಹೆಂಡತಿ 2020ರಲ್ಲಿ ಕಾಣೆಯಾದರು. ದೂರು ಕೊಟ್ಟವರು ಸ್ವತಃ ಗಂಡನೇ. ಅತ್ತ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಹೆಣ್ಣಿನ ಅಸ್ಥಿಪಂಜರವೊಂದು ಸಿಕ್ಕಿತು. ಅದು ಆಕೆಯದೇ ಎಂದು ಪೊಲೀಸರು ತೀರ್ಮಾನಿಸಿ, ಹುಡುಕಿಕೊಡಿ ಎಂದು ಬಂದವರನ್ನೇ ಕೊಲೆಗಾರನೆಂದು ಒಳಗೆ ಹಾಕಿದರು. ಡಿಎನ್‌ಎ ಪರೀಕ್ಷೆ ಹೊಂದಿಕೆಯಾಗಲಿಲ್ಲ. ಆದರೂ ಮೊಕದ್ದಮೆ ನಡೆಯುತ್ತಲೇ ಇತ್ತು. ಜಾಮೀನು ಸಿಗುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ವರ್ಷ ಸೆರೆಮನೆಯಲ್ಲಿ ಕಳೆದುಹೋಗಿತ್ತು. 2025ರ ಏಪ್ರಿಲ್ 1ರಂದು ಆ ‘ಸತ್ತ’ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಗಂಡನ ಗೆಳೆಯರ ಕಣ್ಣಿಗೆ ಬಿದ್ದರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಇವರಿಗೆ ಶಿಕ್ಷೆಯಾಗಿರಲಿಲ್ಲ, ವಿಚಾರಣಾಧೀನ ಕೈದಿಯಾಗಿದ್ದರು ಅಷ್ಟೆ ಎಂದು ಕಾನೂನು ಬಲ್ಲವರು ಹೇಳಬಹುದು. ಕೂಲಿ ತಪ್ಪಿದ ಮನೆಗೆ, ಅಪ್ಪನಿಲ್ಲದ ಮಕ್ಕಳಿಗೆ ಈ ವ್ಯತ್ಯಾಸ ತಿಳಿಯುವ ಬಗೆ ಯಾವುದು?

ಪರಿಹಾರದ ಈ ಕಥೆ ಹಳೆಯದು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ವಿನಾಕಾರಣ ಬಂಧನಕ್ಕೆ ಗೊತ್ತುಮಾಡಿದ ಪರಿಹಾರ ಹೆಚ್ಚೆಂದರೆ 100 ರೂಪಾಯಿ. ಅದನ್ನೂ ಸರ್ಕಾರ ಕೊಡಬೇಕಾಗಿರಲಿಲ್ಲ, ಬಂಧನಕ್ಕೆ ಕಾರಣನಾದ ವ್ಯಕ್ತಿ ಕೊಡಬೇಕಿತ್ತು. ಮುಂದೆ ತಿದ್ದುಪಡಿಯಾಗಿ ಅದು 1,000 ರೂಪಾಯಿಗೆ ಏರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ಸಾವಿರ ಸಾವಿರವಾಗಿಯೇ ಉಳಿದಿದೆ. 1979ರಲ್ಲಿ ಅಂತರರಾಷ್ಟ್ರೀಯ ನಾಗರಿಕ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಳ್ಳುವಾಗಲೇ ಭಾರತವು, ಅಕ್ರಮ ಬಂಧನಕ್ಕೆ ಸರ್ಕಾರದಿಂದ ಪರಿಹಾರ ಪಡೆಯುವ ಹಕ್ಕು ನಮ್ಮಲ್ಲಿಲ್ಲ ಎಂದು ತನ್ನ ತಕರಾರನ್ನು ದಾಖಲಿಸಿತ್ತು.

ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದ ಹೆಸರು ಬಿಹಾರದ ರುದುಲ್ ಶಾ ಅವರದು. 1968ರಲ್ಲೇ ಖುಲಾಸೆಯಾಗಿದ್ದ ಅವರು ಜೈಲಿನಿಂದ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ! ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಪರಿಹಾರದ ಹಣವೊಂದನ್ನೇ ಕೇಳಿರಲಿಲ್ಲ, ಚಿಕಿತ್ಸೆಯ ವೆಚ್ಚ ಮತ್ತು ಪುನರ್ವಸತಿಯನ್ನೂ ಕೇಳಲಾಗಿತ್ತು. 1983ರಲ್ಲಿ ನ್ಯಾಯಾಲಯ ತಾತ್ಕಾಲಿಕ ಪರಿಹಾರವಾಗಿ 30,000 ರೂಪಾಯಿ ಕೊಡಿಸಿತು. ಹಣದ ದಾರಿಯೇನೋ ಅಂದು ತೆರೆಯಿತು. ಪುನರ್ವಸತಿಯ ದಾರಿ ಅರ್ಜಿಯ ಹಾಳೆಯಲ್ಲೇ ಉಳಿಯಿತು.

ಹಣವೂ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಿ ಬರುವುದಿಲ್ಲ. 1994ರಲ್ಲಿ ಕೇರಳದಲ್ಲಿ ಬಂಧಿತರಾದ ಬಾಹ್ಯಾಕಾಶ ವಿಜ್ಞಾನಿ ನಂಬಿ ನಾರಾಯಣನ್ ದಶಕಗಳ ಕಾಲ ಹೋರಾಡಿ, 2018ರಲ್ಲಿ ಸುಪ್ರೀಂ ಕೋರ್ಟಿನಿಂದ 50 ಲಕ್ಷ ರೂಪಾಯಿ ಪರಿಹಾರದ ಆದೇಶ ಪಡೆದರು. ಅದೇ 1994ರಲ್ಲಿ ನಮ್ಮ ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ರೈಲು ಸ್ಫೋಟದ ಆರೋಪದಲ್ಲಿ ಹಿಡಿದರು. ಟಾಡಾ ಕಾಯ್ದೆಯಡಿ ಜೀವಾವಧಿ ಶಿಕ್ಷೆಯೂ ಆಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿರ್ದೋಷಿ ಎಂದಾಗ ಅವರು ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದರು. ಮಕ್ಕಳ ಮೊಕದ್ದಮೆಗಾಗಿ ಅಲೆದ ತಂದೆ ಅಷ್ಟರಲ್ಲಿ ತೀರಿಹೋಗಿದ್ದರು. ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದ ಅಣ್ಣ ಕ್ಯಾನ್ಸರ್ ರೋಗಿಯಾಗಿದ್ದರು. ಪರೀಕ್ಷೆ ಬರೆಯಲು ಹೊರಟಿದ್ದ ಹುಡುಗ ನಡುವಯಸ್ಸಿನವನಾಗಿ ಮನೆಗೆ ಬಂದ. ಈ ಲೆಕ್ಕವನ್ನು ಯಾವ ಖಜಾನೆ ತೀರಿಸೀತು?

ಹೈದರಾಬಾದಿನಲ್ಲಿ ಒಂದು ಪ್ರಯತ್ನ ನಡೆದದ್ದುಂಟು. ಮಕ್ಕಾ ಮಸೀದಿ ಸ್ಫೋಟ ನಡೆದದ್ದು 2007ರಲ್ಲಿ. ಆ ಬಳಿಕ ತಪ್ಪಾಗಿ ಹಿಡಿಯಲ್ಪಟ್ಟಿದ್ದ ಯುವಕರಿಗೆ ಅಂದಿನ ಆಂಧ್ರ ಸರ್ಕಾರ ಕೆಲ ವರ್ಷಗಳ ಮೇಲೆ ಪರಿಹಾರದ ಚೆಕ್ಕಿನ ಜೊತೆಗೆ ಸನ್ನಡತೆಯ ಪ್ರಮಾಣಪತ್ರವನ್ನೂ ಕೊಟ್ಟಿತು. 2013ರಲ್ಲಿ ಹೈಕೋರ್ಟು ಆ ಪರಿಹಾರದ ಆದೇಶವನ್ನು ರದ್ದುಪಡಿಸಿತು. ಆದರೂ ಆ ಪ್ರಮಾಣಪತ್ರದ ಹಿಂದಿನ ವಿಚಾರವನ್ನು ನಾವು ಮರೆಯಬಾರದು. ಬಾಡಿಗೆಗೆ ಮನೆ ಕೇಳುವಾಗ, ಕೆಲಸ ಹುಡುಕುವಾಗ, ತಂಗಿಗೆ ಗಂಡು ನೋಡುವಾಗ ಚೆಕ್ಕಿಗಿಂತ ಮೊದಲು ಬೇಕಾಗುವುದು ಆ ಕಾಗದವೇ.

2018ರ ಆಗಸ್ಟಿನಲ್ಲಿ ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ ಇದನ್ನೆಲ್ಲ ಒಂದು ವ್ಯವಸ್ಥೆಯೊಳಗೆ ತರಲು ಸೂಚಿಸಿತು. ತಪ್ಪು ಮೊಕದ್ದಮೆಗೆ ಬಲಿಯಾದವರಿಗೆ ವಿಶೇಷ ನ್ಯಾಯಾಲಯ, ನಿಗದಿತ ಅವಧಿಯೊಳಗೆ ಪರಿಹಾರ, ಹಣದ ಜೊತೆಗೆ ಆಪ್ತ ಸಲಹೆ, ಮಾನಸಿಕ ಆರೋಗ್ಯದ ನೆರವು, ಉದ್ಯೋಗ ತರಬೇತಿ ಇವೆಲ್ಲ ಅದರಲ್ಲಿವೆ. ವರದಿ ಬಂದು ವರ್ಷಗಳಾದವು, ಅದರಂತೆ ಕಾನೂನು ಬರಲಿಲ್ಲ. ಹಿಡಿಯುವುದಕ್ಕೆ ಕಲಮುಗಳ ಮೇಲೆ ಕಲಮುಗಳಿವೆ. ಹಿಡಿದವನನ್ನು ಮತ್ತೆ ಅವನ ಬದುಕಿಗೆ ಮುಟ್ಟಿಸುವ ಕೆಲಸ ಮಾತ್ರ ಆಯಾ ನ್ಯಾಯಾಧೀಶರ ಮನಸ್ಸಿಗೆ ಬಿಟ್ಟದ್ದು.

ಕುಶಾಲನಗರದ ಆ ಕೂಲಿಕಾರರು ಒಂದು ಲಕ್ಷಕ್ಕೆ ಸುಮ್ಮನಾಗದೆ 5 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿನ ಮೆಟ್ಟಿಲೇರಿದರು. ಐದು ಕೋಟಿ ಎಂದಾಗ ಹುಬ್ಬೇರಿಸಿದವರು ಆ ಮನವಿಯ ಇನ್ನೊಂದು ಕೋರಿಕೆಯನ್ನು ಗಮನಿಸಿದ್ದು ಕಡಿಮೆ. ತೀರ್ಪಿನಲ್ಲಿ ತನ್ನನ್ನು ‘ಆರೋಪಿ’ ಎಂದು ಕರೆದಿರುವುದನ್ನು ತೆಗೆದು ‘ಸಂತ್ರಸ್ತ’ ಎಂದು ಬರೆಯಬೇಕೆಂಬುದು ಆ ಕೋರಿಕೆ. ಖಜಾನೆಗೆ ಒಂದು ಪೈಸೆಯ ಖರ್ಚೂ ಇಲ್ಲದ ಬೇಡಿಕೆ ಅದು. ಉರ್ದು ಪತ್ರಿಕೆಗಳು ‘ಬಾಇಜ್ಜತ್’ ಎಂದು ಬರೆಯುವಾಗ ಮರಳಿ ಸಿಕ್ಕಿತೆಂದು ನಂಬುವ ಆ ಇಜ್ಜತ್ತನ್ನು ಆ ಮನುಷ್ಯ ಬಾಯಿಬಿಟ್ಟು ಕೇಳಬೇಕಾಯಿತು.

ಕೋರ್ಟಿನ ಕಾಗದದಲ್ಲಿ ಆ ಶಬ್ದವನ್ನು ತಿದ್ದುವುದು ನ್ಯಾಯಾಧೀಶರ ಕೆಲಸ. ಊರಿನ ನಾಲಿಗೆಯಲ್ಲಿ ತಿದ್ದುವುದು ನಮ್ಮ ಕೆಲಸ. ಜೈಲಿನಿಂದ ಬಂದ ನಿರಪರಾಧಿಗೆ ತೋಟದಲ್ಲೋ ಅಂಗಡಿಯಲ್ಲೋ ಒಂದು ದಿನದ ಕೆಲಸ ಕೊಡುವಾಗ, ಮದುವೆಯ ಪಂಕ್ತಿಯಲ್ಲಿ ಅವನ ಪಕ್ಕ ಕೂರುವಾಗ, ‘ಏನೋ ಇದ್ದೇ ಇರಬೇಕು, ಇಲ್ಲದಿದ್ದರೆ ಪೊಲೀಸರು ಯಾಕೆ ಹಿಡಿಯುತ್ತಿದ್ದರು’ ಎಂಬ ಮಾತನ್ನು ನುಂಗಿಕೊಂಡರೆ ಸಾಕು. ಅದಕ್ಕೆ ಯಾವ ಕಾನೂನೂ ಬರಬೇಕಾಗಿಲ್ಲ.