ಮೊಬೈಲಿನ ಚಿತ್ರ, ಕಾಗದದ ಚಿತ್ರ



ಕಳೆದ ವರ್ಷ ನಮ್ಮ ಅಕ್ಕ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿಡಲು ಒಂದು ಭಾವಚಿತ್ರ ಬೇಕಾಯಿತು. ಆಕೆಯ ಕಡೆಗಾಲದ ಚಿತ್ರಗಳು ನೂರಾರು ಉಂಟು; ಆದರೆ ಅವೆಲ್ಲವೂ ಮೊಬೈಲಿನೊಳಗೆ. ವಾಟ್ಸಾಪಿನಲ್ಲಿ ನನ್ನವರೆಗೆ ಬಂದಿದ್ದ ಒಂದನ್ನು ಸ್ಟುಡಿಯೋದವರ ಕೈಗೆ ಕೊಟ್ಟೆ. 8×12 ಅಂಗುಲಕ್ಕೆ ಹಿಗ್ಗಿಸಿದಾಗ ಅಕ್ಕನ ಮುಖ ಮಂಜಿನಾಚೆ ನಿಂತಂತಿತ್ತು. ಹೀಗೇಕಾಯಿತೆಂದು ಯೋಚಿಸುತ್ತ ಹೋದಾಗ ಕಂಡ ಚರಿತ್ರೆಯೇ ಇಂದಿನ ಮಾತು.

ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಫ್ರಾನ್ಸಿನ ಡಾಗೇರ್ ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಚಿತ್ರವನ್ನು ಹಿಡಿದನು. ಬಲು ನಯವಾದ ಚಿತ್ರ. ಆದರೆ ಒಂದೇ ಒಂದು, ಅದರಿಂದ ಪ್ರತಿ ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ವಿಧಾನ ಬೇರೆ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಮೊದಲು ಕಪ್ಪು ಬಿಳುಪುಗಳು ಅದಲುಬದಲಾದ ನೆಗೆಟಿವ್. ಅದರಿಂದ ಬೇಕಾದಷ್ಟು ಪ್ರತಿಗಳು. ಮೂಲವೊಂದು, ಪ್ರತಿ ಹಲವು ಎಂಬ ವ್ಯವಸ್ಥೆ ಅಲ್ಲಿಂದ ಬೆಳೆಯಿತು.

ಕಾಗದದ ಬಾಳಿಕೆಗೆ ಸಾಕ್ಷಿ ನಮ್ಮ ಹಂಪೆಯಲ್ಲೇ ಇದೆ. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿನ ಗುಡಿಗೋಪುರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಅವು ಉಳಿದು ಬಂದವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಅವುಗಳನ್ನು ಆಧರಿಸಿ ಅದೇ ತಾಣಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ 127 ವರ್ಷಗಳಲ್ಲಿ ಆದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

1888ರ ಕೊಡಾಕ್ ಕ್ಯಾಮೆರಾ ಈ ವಿದ್ಯೆಯನ್ನು ಜನಸಾಮಾನ್ಯರ ಕೈಗೆ ತಂದಿತು. ನೂರು ಚಿತ್ರ ತೆಗೆದು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ, ಮುದ್ರಿತ ಚಿತ್ರಗಳೂ ಹೊಸ ಫಿಲ್ಮು ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಇಲ್ಲಿ ಗಮನಿಸಬೇಕಾದದ್ದೆಂದರೆ, ಸಾಮಾನ್ಯರ ಪಾಲಿಗೆ ಚಿತ್ರವನ್ನು ನೋಡುವುದೂ ಅಚ್ಚು ಹಾಕಿಸುವುದೂ ಆಗ ಒಂದೇ ಕ್ರಿಯೆಯಾಗಿತ್ತು. ಕಾಗದಕ್ಕೆ ಬಾರದ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ.

ಈ ಗಂಟನ್ನು ಬಿಚ್ಚಿದ್ದು ಮೊಬೈಲು. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬಾತ ಆಗತಾನೇ ಹುಟ್ಟಿದ ಮಗಳ ಚಿತ್ರವನ್ನು, ಕ್ಯಾಮೆರಾಕ್ಕೆ ಮೊಬೈಲು ಜೋಡಿಸಿ, ಆಸ್ಪತ್ರೆಯಿಂದಲೇ ಬಂಧುಮಿತ್ರರಿಗೆ ಕಳಿಸಿದನು. 2000ದ ನವೆಂಬರಿನಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾವುಳ್ಳ ಮೊಬೈಲು ಮಾರಾಟಕ್ಕೆ ಬಂದಿತು. ಅದರ ಚಿತ್ರದಲ್ಲಿದ್ದವು ಸುಮಾರು 1,10,000 ಚುಕ್ಕೆಗಳು. 4×6 ಅಂಗುಲದ ಕಾಗದದ ಮೇಲೆ ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚಾಗಬೇಕಾದರೆ 21,60,000 ಬೇಕು. ಮೊದಮೊದಲ ಮೊಬೈಲಿನ ಚಿತ್ರಗಳು ಕಾಗದಕ್ಕಾಗಿ ಹುಟ್ಟಿದವೇ ಅಲ್ಲ.

ಇಂದಿನ ಮೊಬೈಲುಗಳಿಗೆ ಆ ಬಡತನವಿಲ್ಲ. ತೊಂದರೆ ಇರುವುದು ಚಿತ್ರ ಸಾಗುವ ದಾರಿಯಲ್ಲಿ. ಬೇಗ ತಲುಪಲೆಂದು ವಾಟ್ಸಾಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಗ್ರಂಥಸಂಪಾದನೆಯನ್ನು ಪಾಠ ಹೇಳಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು: ಪ್ರತಿಯಿಂದ ಪ್ರತಿ ಮಾಡುತ್ತ ಹೋದರೆ ಲಿಪಿಕಾರನ ಕೈಯಲ್ಲಿ ಪಾಠ ಕೆಡುತ್ತದೆ, ಸಂಪಾದಕನು ಮೂಲಕ್ಕೆ ಹತ್ತಿರದ ಓಲೆಯನ್ನು ಹುಡುಕಬೇಕು. ಇಲ್ಲಿಯೂ ಹಾಗೆಯೇ. ಡಾಕ್ಯುಮೆಂಟಿನ ರೂಪದಲ್ಲಿ ಕಳಿಸಿದರೆ ಪಾಠ ಕೆಡದು.

ಸ್ಟುಡಿಯೋದ ಯಂತ್ರವನ್ನು ಇಣುಕಿ ನೋಡಿದೆ. ಲೇಸರ್ ಬೆಳಕು ಕಾಗದದ ಮೇಲೆ ಓಡುತ್ತದೆ, ಆಮೇಲೆ ಕಾಗದ ರಾಸಾಯನಿಕಗಳಲ್ಲಿ ಮುಳುಗಿ ಏಳುತ್ತದೆ. ಆ ಕಾಗದಕ್ಕೆ ಸವರಿರುವುದು, ಟಾಲ್ಬಟ್ಟನ ಕಾಗದದಲ್ಲಿದ್ದಂತೆ, ಬೆಳ್ಳಿಯ ಲವಣವೇ!

"ಸಾರ್, ಇದು ಫಾರ್ವರ್ಡ್ ಆಗಿ ಬಂದದ್ದು. ತೆಗೆದವರ ಹತ್ತಿರ ಒರಿಜಿನಲ್ ಇರುತ್ತೆ, ತರಿಸಿ," ಎಂದರು ಅಂಗಡಿಯವರು. ತೆಗೆದವನು ಅಕ್ಕನ ಮಗ. ವಿಚಾರಿಸಿದರೆ, ಆ ಮೊಬೈಲನ್ನು ಕೊಟ್ಟು ಹೊಸದನ್ನು ಕೊಂಡು ಆರು ತಿಂಗಳಾಗಿತ್ತು. ಚಿತ್ರಗಳನ್ನು ಬೇರೆಲ್ಲೂ ತೆಗೆದಿಟ್ಟಿರಲಿಲ್ಲ. ಕೊನೆಗೆ 1975ರಲ್ಲಿ ಮದುವೆಯ ಮರುದಿನ ತೆಗೆಸಿದ ಕಪ್ಪುಬಿಳುಪು ಚಿತ್ರಕ್ಕೇ ಕಟ್ಟು ಹಾಕಿಸಿದೆವು. ರೇಷ್ಮೆ ಸೀರೆಯ ಅಂಚು, ಮೂಗುಬೊಟ್ಟು ಎಲ್ಲವೂ ಇಂದಿಗೂ ಸ್ಪಷ್ಟವಾಗಿವೆ. ಸಮಾರಾಧನೆಯ ದಿನ ಅಕ್ಕನ ಮೊಮ್ಮಗಳು ಅದರ ಮುಂದೆ ನಿಂತು, "ತಾತ, ಇವರು ಯಾರು?" ಎಂದು ನನ್ನನ್ನು ಕೇಳಿದಳು.