ಗೋಮಾಳದ ಕಲ್ಗೋರಿಗಳು

ನಾಡಿನ ಹಳೆಯ ಕಟ್ಟಡ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಬಾದಾಮಿ, ಐಹೊಳೆ, ಹಂಪಿ. ಬಾದಾಮಿಯ ಗುಹೆಗಳಿಗಿಂತ ಸಾವಿರ ವರ್ಷದಷ್ಟು ಹಿಂದಿನವು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಇಂದಿಗೂ ನಿಂತಿವೆ. ಅಲ್ಲಿರುವ ಸುಮಾರು 400 ಕಲ್ಗೋರಿಗಳನ್ನು ವಿದ್ವಾಂಸರು ಕ್ರಿ.ಪೂ. 800ರಿಂದ 200ರ ನಡುವಿನವೆಂದು ಎಣಿಸುತ್ತಾರೆ. ಸುತ್ತಲಿನ ಹಳ್ಳಿಗಳವರಿಗೆ ಅವು ಮೋರೇರ ಮನೆಗಳು. ಮೋರೇರೆಂಬ ಗಿಡ್ಡ ಜನ ಅಲ್ಲಿ ಸಂಸಾರ ಹೂಡಿದ್ದರಂತೆ. ಕೊಡಗಿನಲ್ಲಿ ಇಂಥವನ್ನು ಪಾಂಡವರ ಹೆಸರಿಗೆ ಬರೆದಿದ್ದಾರೆ. ವನವಾಸದಲ್ಲಿ ಅವರು ಕಾಲಿಡದ ಗುಡ್ಡ ನಮ್ಮಲ್ಲಿ ಯಾವುದಿದೆ! ಇಷ್ಟು ಕಾಲ ಈ ಗೋರಿಗಳನ್ನು ಉಳಿಸಿದ್ದು ರಾಜರಲ್ಲ, ಕಾಯಿದೆಯೂ ಅಲ್ಲ. ಅವು ನಿಂತ ನೆಲ ಯಾರೊಬ್ಬರ ಪಹಣಿಗೂ ಸೇರದೆ ಗುಡ್ಡವಾಗಿ, ಕಾವಲಾಗಿ, ಗೋಮಾಳವಾಗಿ ಊರಿಗೆಲ್ಲ ಸೇರಿತ್ತು. ಆದ್ದರಿಂದ ಕಲ್ಲನ್ನು ಕಾಯಬೇಕೆಂದರೆ ಆ ನೆಲವನ್ನೇ ಕಾಯಬೇಕು ಎಂಬುದು ನನ್ನ ವಾದ.

ಇವು ಗೋರಿಗಳೆಂದು ತಿಳಿದದ್ದು ಅಗೆತದಿಂದ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುವಿನಲ್ಲಿ ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ತೋಡಿಸಿ, ಎಲುಬು, ಮಡಕೆ, ಕಬ್ಬಿಣದ ಹತಾರಗಳನ್ನು ಕಂಡ. ತನ್ನ ದೇಶದ ಕಡೆಯ ಗೋರಿಗಳ ಹೋಲಿಕೆ ಅವನನ್ನು ಮರುಳು ಮಾಡಿತು. ಕೆಲ್ಟರೋ ಸಿಥಿಯನ್ನರೋ ದಖ್ಖನಿಗೆ ಬಂದು ಕಟ್ಟಿರಬೇಕೆಂದು ತರ್ಕಿಸಿದ. ಬ್ರಿಟನ್, ಐರ್ಲೆಂಡುಗಳಲ್ಲಿ ನೆಲೆಸಿರುವ ನಮ್ಮವರು ಅಲ್ಲಿನ ಹುಲ್ಲುಗುಡ್ಡಗಳ ಮೇಲೆ ಇಂಥ ಕಲ್ಲುಕೋಣೆಗಳನ್ನು ನೋಡಿರಬಹುದು. ಆದರೆ ಅವು ನವಶಿಲಾಯುಗದವು, ನಮ್ಮವಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಚಪ್ಪಡಿ ಸಿಗುವ ಕಡೆ ಸತ್ತವರಿಗೆ ಕಲ್ಲಿನ ಕೋಣೆ ಕಟ್ಟುವ ಬುದ್ಧಿ ಎರಡು ಕಡೆಯ ಜನಕ್ಕೂ ತಂತಾನೇ ಬಂದಿರಲು ಅಡ್ಡಿಯಿಲ್ಲ.

ಒಳಗಿನ ಕಟ್ಟಣೆ ಹೇಗಿತ್ತೆಂದು ತೋರಿಸಿದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಅಶೋಕನ ಶಾಸನಕ್ಕೆ ಹೆಸರಾದ ಆ ಜಾಗದಲ್ಲಿ ಎಂ. ಎಚ್. ಕೃಷ್ಣ ಮೊದಲು ಶೋಧ ನಡೆಸಿದ್ದರು; 1947ರಲ್ಲಿ ಮಾರ್ಟಿಮರ್ ವೀಲರ್ ವ್ಯವಸ್ಥಿತವಾಗಿ ಅಗೆದರು. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸುವಾಗ ಪ್ರತಿಯೊಂದರ ಒಂದು ತುದಿ ಪಕ್ಕದ್ದನ್ನು ದಾಟಿ ಚಾಚಿರುತ್ತದೆ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟೇ ಒತ್ತಿದರೂ ಒಂದು ಚಪ್ಪಡಿಗೆ ಇನ್ನೊಂದು ಆತುಕೊಂಡು ಕೋಣೆ ಒಳಕ್ಕೆ ಕುಸಿಯುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಸುತ್ತ ಗುಂಡುಕಲ್ಲಿನ ವೃತ್ತ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಎಲುಬುಗಳು. ಹೆಣವನ್ನು ಬೇರೆಲ್ಲೋ ಇಟ್ಟು, ಆಮೇಲೆ ಎಲುಬುಗಳನ್ನು ಆಯ್ದು ತಂದಿದ್ದಾರೆ. ವೀಲರ್ ಇದಕ್ಕೆ ಕೊಟ್ಟ ಕಾಲ ಕ್ರಿ.ಪೂ. 200ರಿಂದ ಈಚೆಯದು. ಅದು ನಿಲ್ಲಲಿಲ್ಲ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದಿಂದ ಬಂದ ಇಂಗಾಲ ಕಾಲಮಾನ ಇಲ್ಲಿಯ ಕಬ್ಬಿಣವನ್ನು ಕ್ರಿ.ಪೂ. 1000ದ ಸುತ್ತಮುತ್ತಲಿಗೆ ಒಯ್ದಿತು.

ಕಲ್ಲಿನ ಜೊತೆಗೆ ಅದು ನಿಂತ ನೆಲವನ್ನೂ ಕಾಯಬೇಕೆಂಬ ನನ್ನ ವಾದಕ್ಕೆ ಇಲ್ಲೊಂದು ಗಟ್ಟಿಯಾದ ಆಕ್ಷೇಪಣೆಯಿದೆ. ಗೋರಿಗಳು ಗುಡ್ಡ-ಗೋಮಾಳಗಳಲ್ಲೇ ಕಾಣುವುದು ನೇಗಿಲು ಅಲ್ಲಿಗೆ ಹೋಗದ ಕಾರಣಕ್ಕೆ. ಹೊಲಗಳಲ್ಲಿದ್ದ ಗುಂಡುಕಲ್ಲನ್ನು ರೈತರು ಎಂದೋ ಎತ್ತಿ ಬದುವಿಗೆ ಹಾಕಿರಬೇಕು. ಹಾಗಿರುವಾಗ ಕಟ್ಟಿದವರೇ ಈ ನೆಲವನ್ನು ಆರಿಸಿಕೊಂಡರೆಂದು ಹೇಳುವುದು ಹೇಗೆ? ಮಾತು ಅರ್ಧ ನಿಜ. ಕೇವಲ ಕಲ್ಲಿನ ವೃತ್ತಗಳೂ ಮಡಕೆಯಲ್ಲಿ ಎಲುಬು ತುಂಬಿ ಹೂತ ಗೋರಿಗಳೂ ಹೊಲದಲ್ಲಿ ಹೇಳಹೆಸರಿಲ್ಲದೆ ಹೋಗಿರಲೇಬೇಕು. ಆದರೆ ಚಪ್ಪಡಿಯ ಕೋಣೆಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಹಿರೇಬೆಣಕಲ್ಲಿನ ಗೋರಿಗಳು ಬಂಡೆಯ ಮೇಲೆಯೇ ಇವೆ. ಚಪ್ಪಡಿ ಎದ್ದದ್ದೂ ಅದೇ ಬಂಡೆಯಿಂದ. ಕಲ್ಲು ಕಿತ್ತ ಜಾಗ ಕೆರೆಯಾಗಿ ನೀರು ಹಿಡಿದಿದೆ. ಹತ್ತಿರದಲ್ಲೇ ದೊಡ್ಡ ಗುಂಡಿನ ನೆತ್ತಿಯ ಮೇಲೆ ನಗಾರಿಯಂಥ ಅರೆಗೋಳದ ಕಲ್ಲಿದೆ. ಬಡಿದರೆ ದೂರಕ್ಕೆ ಕೇಳುತ್ತದೆ. ಕಲ್ಲು, ನೀರು, ಸದ್ದು, ಸತ್ತವರು ಎಲ್ಲ ಒಂದೇ ಕಡೆ ಕೂಡಿರುವ ಜಾಗವನ್ನು ಉತ್ತುಳಿದ ಮೂಲೆಯೆಂದು ತಳ್ಳಿಹಾಕಲಾಗದು. ಅದು ಬಳಕೆಯ ನೆಲ. ಈ ಸೀಮೆಯಲ್ಲಿ ಗೋರಿ ಕಟ್ಟಿದವರಿಗೂ ಹಿಂದಿನವರು ದನ ಕಟ್ಟಿ, ಸಗಣಿ ಸುಟ್ಟು ಬಿಟ್ಟುಹೋದ ಕುಡತಿನಿಯ ಬೂದಿಗುಡ್ಡವನ್ನು ನೆನೆದರೆ, ಮೇವಿನ ನೆಲಕ್ಕಿದ್ದ ಬೆಲೆ ಎಷ್ಟು ಹಳೆಯದೆಂದು ಊಹಿಸಬಹುದು.

ನಮ್ಮ ಕಂದಾಯ ದಾಖಲೆಗೆ ಇದೆಲ್ಲ ಖರಾಬು. 1964ರ ಭೂಕಂದಾಯ ಕಾಯಿದೆ ಗೋಮಾಳ ಬಿಡಲು ಅವಕಾಶ ಕೊಟ್ಟಿದೆ; ಅದರ ನಿಯಮಗಳಲ್ಲಿ ನೂರು ದನಕ್ಕೆ 12 ಹೆಕ್ಟೇರಿನ ಅಳತೆಯೂ ಇದೆ. ಆದರೂ ಸೈಟು, ಕ್ವಾರಿ, ಕಾರ್ಖಾನೆ ಯಾವುದಕ್ಕೆ ಜಾಗ ಬೇಕಾದರೂ ಮೊದಲು ಕಣ್ಣು ಬೀಳುವುದು ಅದರ ಮೇಲೆಯೇ. ಭೂಮಿಯಿಲ್ಲದವರಿಗೆ ಎರಡು ಎಕರೆ ಸಿಗುವುದು ಮುಖ್ಯವೋ ಸತ್ತವರ ಕಲ್ಲು ಮುಖ್ಯವೋ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಬಗರ್ ಹುಕುಂ ಸಾಗುವಳಿದಾರನನ್ನು ಕಳ್ಳನಂತೆ ಕಾಣುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಗೋಮಾಳ ಹೋದರೆ ಮೊದಲು ನಷ್ಟವಾಗುವುದು ನಾಲ್ಕು ಕುರಿ ಕಟ್ಟಿಕೊಂಡ ಅಂಥ ಬಡವನಿಗೇ. ಚಪ್ಪಡಿ ಒಡೆಯುವುದು ಕುರಿಯಲ್ಲ, ಜೆಸಿಬಿ. ಅದಿಲ್ಲದ ಕಡೆ ನಿಧಿಗಳ್ಳರು ರಾತ್ರಿ ಹಾರೆ ಹಾಕುತ್ತಾರೆ. ಸಿಗುವುದು ಬಹುಮಟ್ಟಿಗೆ ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ. ನಾಲ್ಕು ಗೋರಿಗೆ ಬೇಲಿ ಹಾಕಿ ಉಳಿದದ್ದನ್ನು ಬಿಟ್ಟುಕೊಟ್ಟರೂ ಸಾಲದು. ಕೆರೆ, ಕಲ್ಲು ಕಿತ್ತ ಬಂಡೆ, ದಾರಿ ಇವಿಲ್ಲದ ಗೋರಿ ಏನನ್ನೂ ಹೇಳುವುದಿಲ್ಲ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಆ ಭಾಗ್ಯವಿಲ್ಲದ ಗೋರಿಗಳು ರಾಜ್ಯದ ಎಷ್ಟೋ ಊರುಗಳ ಗೋಮಾಳಗಳಲ್ಲಿವೆ. ರಜೆಗೆ ಊರಿಗೆ ಹೋದಾಗ ನಿಮ್ಮೂರ ಗುಡ್ಡದ ಕಲ್ಲುಗಳಿಗೆ ಹೆಸರೇನಿದೆಯೆಂದು ಕುರಿ ಕಾಯುವವರನ್ನು ಕೇಳಿ. ಏನನ್ನೂ ಅಗೆಯಬೇಡಿ, ಎತ್ತಿಕೊಳ್ಳಬೇಡಿ. ಫೋಟೋ ತೆಗೆದು, ಸರ್ವೆ ನಂಬರು ಬರೆದು, ಗ್ರಾಮ ಪಂಚಾಯ್ತಿಗೊಂದು, ರಾಜ್ಯದ ಪುರಾತತ್ವ ಇಲಾಖೆಗೊಂದು ಅರ್ಜಿ ಕೊಟ್ಟು ಬನ್ನಿ.